ಒಂದರ ಮೇಲೆ ಎಣಿಸಲಾರದ ಬೆಟ್ಟ

ಆ ಊರಿನ ಬೆಟ್ಟಕ್ಕೆ ಒಂದರ ಮೇಲೆ ಎಣಿಸಲು ಬರುತ್ತಿರಲಿಲ್ಲ.

ಬೆಟ್ಟವೇನು ಸಣ್ಣದಲ್ಲ. ಅದರ ನೆತ್ತಿಗೆ ಹಾರಿಹೋದ ಕಾಗೆ ವಾಪಸು ಇಳಿದು ಬರುವಷ್ಟರಲ್ಲಿ ಊರಿನಲ್ಲಿ ಅದರ ಮೊಮ್ಮಕ್ಕಳು ಮೊಟ್ಟೆಗೆ ಕೂತಿರುತ್ತಿದ್ದವು. ವರ್ಷದ ಒಂಬತ್ತು ತಿಂಗಳು ಅದರ ಮೈಮೇಲೆ ಹಿಮ. ಎಂಥ ಬಿಳುಪು ಅಂದರೆ, ನೋಡಿ ನೋಡಿ ಊರಿನ ಎಮ್ಮೆಗಳ ಮುಖವೆಲ್ಲ ಬೆಳ್ಳಗಾಗಿ ಹೋಗಿತ್ತು. ಇಷ್ಟು ದೊಡ್ಡ ಬೆಟ್ಟಕ್ಕೆ ಎಣಿಕೆ ಮಾತ್ರ ಒಂದಕ್ಕೇ ನಿಂತುಬಿಟ್ಟಿತ್ತು. ಅದು ಜನರ ಮುಖ ನೋಡುತ್ತಿರಲಿಲ್ಲ, ಹಿಮದ ಮೇಲೆ ಬಿದ್ದ ಹೆಜ್ಜೆ ನೋಡುತ್ತಿತ್ತು. ಒಂದು ಸಾಲು ಹೆಜ್ಜೆ ಕಂಡರೆ, ಒಬ್ಬ ಬಂದಿದ್ದಾನೆ, ಒಬ್ಬ ಹೋಗಲಿ ಅಂತ ಬಿಡುತ್ತಿತ್ತು. ಎರಡು ಸಾಲು ಕಂಡರೂ ಒಬ್ಬನನ್ನೇ ಬಿಡುತ್ತಿತ್ತು.

ಹಿಂದೆ ಯಾವಾಗಲೋ ನಾಲ್ವರು ನಾಲ್ಕು ಸಾಲಿನಲ್ಲಿ ಹತ್ತಿದರಂತೆ. ಸಂಜೆಗೆ ಒಬ್ಬ ಇಳಿದು ಬಂದ. ಯಾರಪ್ಪ ನೀನು ಅಂತ ಕೇಳಿದರೆ, ನಾಲ್ವರಲ್ಲಿ ತಾನು ಯಾರು ಅನ್ನುವುದು ಅವನಿಗೇ ಗೊತ್ತಿರಲಿಲ್ಲ. ನಾಲ್ಕು ಮನೆಯವರೂ ಸರದಿಯ ಮೇಲೆ ಊಟ ಹಾಕಿ ಅವನನ್ನು ಸಾಯುವ ತನಕ ಸಾಕಿದರು. ಅಂದಿನಿಂದ ಎಷ್ಟೇ ಜನ ಹತ್ತಲಿ, ಮುಂದಿನವನು ಇಟ್ಟ ಹೆಜ್ಜೆಯ ಒಳಗೇ ಹಿಂದಿನವರೆಲ್ಲ ಹೆಜ್ಜೆ ಇಡಬೇಕು ಅಂತ ಆಯಿತು.

ಹಾಗಾದರೆ ಆ ಬೆಟ್ಟದ ತಂಟೆಗೆ ಹೋಗುವುದಾದರೂ ಯಾಕೆ ಅಂದರೆ, ಹೋಗದಿದ್ದರೆ ಆ ಊರಿನಲ್ಲಿ ಯಾರಿಗೂ ಗೆಳೆಯರಿರುತ್ತಿರಲಿಲ್ಲ. ಅಲ್ಲಿ ಗೆಳೆತನ ಬಾಯಿಮಾತಿನದಲ್ಲ. ಬೇಸಿಗೆ ಆಗತಾನೇ ಕಾಲಿಟ್ಟು, ಕೆಳಗೆ ಹುಲ್ಲು ಚಿಗುರಿ, ಮೇಲೆ ಹಿಮ ಇನ್ನೂ ಕೂತಿರುವ ಹತ್ತು ಹದಿನೈದು ದಿನಗಳಲ್ಲಿ ಗೆಳೆಯರು ಅನ್ನಿಸಿಕೊಂಡವರು ಒಟ್ಟಿಗೆ ಹತ್ತಬೇಕು. ಬೆಟ್ಟದ ಕತ್ತಿನವರೆಗೆ ಹೋಗಬೇಕು. ಅಲ್ಲಿ ಸಿಗುವ ಕಪ್ಪು ಚಪ್ಪಡಿ ಒಂದನ್ನು ಹೊತ್ತು ತರಬೇಕು. ತಂದು ಪೇಟೆಬೀದಿಯಲ್ಲಿ ತಮ್ಮ ಕಟ್ಟೆಯ ಮೇಲೆ ಇಡಬೇಕು. ವರ್ಷಕ್ಕೊಂದು ಚಪ್ಪಡಿ, ವರ್ಷಕ್ಕೆ ಅಷ್ಟು ಎತ್ತರ. ಬರಿಗೈಯಲ್ಲಿ ಬಂದರೆ ಮಾರನೆಯ ದಿನವೇ ಆ ಕಟ್ಟೆಯನ್ನು ಬಿಚ್ಚಿ ಬೀದಿಗೆ ಹಾಸುತ್ತಿದ್ದರು, ದನಕರು ಅದರ ಮೇಲೆ ಓಡಾಡುತ್ತಿದ್ದವು. ಆಮೇಲೆ ಆ ಜನ ದಾರಿಯಲ್ಲಿ ಒಬ್ಬರಿಗೊಬ್ಬರು ಎದುರಾದರೆ ಹಿಟ್ಟು ಬೀಸಿ ಆಯಿತಾ ಅಂತ ಕೇಳಬಹುದಿತ್ತು. ಊಟ ಆಯಿತಾ ಅಂತ ಕೇಳುವ ಹಾಗಿರಲಿಲ್ಲ.

ನಾಲ್ವರು ಗೆಳೆಯರ ಒಂದು ಕಟ್ಟೆಗೆ ಮೂವತ್ತು ಚಪ್ಪಡಿ ಏರಿದ್ದವು. ಹತ್ತಿ ಕೂರುವುದಕ್ಕೆ ಏಣಿ ಬೇಕಿತ್ತು. ಕೂತರೆ ಎದುರಿನ ಎಣ್ಣೆ ಅಂಗಡಿಯ ಹೆಂಚಿನ ಮೇಲೆ ಒಣಹಾಕಿದ ಮೆಣಸಿನಕಾಯಿ ಕೈಗೆ ಸಿಗುತ್ತಿತ್ತು. ನಾಲ್ವರಲ್ಲಿ ಒಬ್ಬಳು ಗಿರಣಿಯವಳು, ಮಾತು ಕಡಿಮೆ, ತೋಳು ಗಟ್ಟಿ. ಒಬ್ಬ ಮೆಟ್ಟಿನವನು, ಊರಿಗೆಲ್ಲ ಮೆಟ್ಟು ಹೊಲಿಯುವವನು. ಒಬ್ಬ ಗಂಟೆಯವನು, ಹೊತ್ತು ಹೊತ್ತಿಗೆ ಊರಿನ ಗಂಟೆ ಬಾರಿಸುವವನು, ಕಿವಿ ಸ್ವಲ್ಪ ಮಂದ. ಇನ್ನೊಬ್ಬ ಮುಂದಿನವನು. ಅವನಿಗೆ ಬೇರೆ ಕಸುಬು ಇತ್ತೋ ಇಲ್ಲವೋ, ಜನ ಮರೆತಿದ್ದರು. ಮೂವತ್ತು ವರ್ಷ ಸಾಲಿನ ಮುಂದೆ ನಡೆದವನು ಅನ್ನುವುದೇ ಅವನ ಕಸುಬಾಗಿತ್ತು.

ಮುಂದಿನವನದು ಆನೆಯಂಥ ಮೈ, ಆದರೆ ಪಾದ ಮಾತ್ರ ಚಿಕ್ಕವು, ಅಂಗೈಯಷ್ಟು. ಇದು ಊರಿಗೆ ಗೊತ್ತಿರಲಿಲ್ಲ, ಯಾಕೆಂದರೆ ಅವನು ಪಂಚೆಯನ್ನು ನೆಲ ಗುಡಿಸುವ ಹಾಗೆ ಉಡುತ್ತಿದ್ದ, ಮೇಲಾಗಿ ಹಿಮ ಅವನ ಕಡೆಗಿತ್ತು. ಬೇಸಿಗೆಯ ಹಿಮದಲ್ಲಿ ಬೆಳಿಗ್ಗೆ ಇಟ್ಟ ಹೆಜ್ಜೆ ಮಧ್ಯಾಹ್ನದ ಬಿಸಿಲಿಗೆ ಕರಗಿ ಕರಗಿ ಅಗಲವಾಗುತ್ತದೆ. ಬೆಳಿಗ್ಗೆ ಅಂಗೈಯಷ್ಟಿದ್ದದ್ದು ಊಟದ ಹೊತ್ತಿಗೆ ತಟ್ಟೆಯಷ್ಟು, ಸಂಜೆಗೆ ಮೊರದಷ್ಟು. ಸಂಜೆ ಕೆಳಗಿನಿಂದ ಕತ್ತೆತ್ತಿ ನೋಡಿದ ಜನಕ್ಕೆ ಬೆಟ್ಟದ ಮೇಲೆ ಮೊರದಂಥ ಹೆಜ್ಜೆಗಳ ಒಂದು ಸಾಲು ಕಾಣುತ್ತಿತ್ತು. ಅಬ್ಬಾ ಎಂಥ ಪಾದ ಅಂತ ಅವರೇ ಅಂದರು. ಹೌದು ಅಂತ ಅವನು ಅಂದ.

ಅಲ್ಲಿಂದ ಶುರುವಾದದ್ದು ನಿಲ್ಲಲಿಲ್ಲ. ಸಂಜೆಯಾದರೆ ಕಟ್ಟೆಯ ಮೇಲೆ ಕೂತು, ಕೆಳಗೆ ನಿಂತವರಿಗೆ ಬೆಟ್ಟದ ಕಥೆ ಹೇಳುತ್ತಿದ್ದ. ತಾನು ಜೋರಾಗಿ ಕಾಲಿಟ್ಟಿದ್ದಕ್ಕೆ ಬೆಟ್ಟದ ಆ ಕಡೆ ಒಂದು ಊರಿನ ಬಾವಿಯಿಂದ ನೀರು ಉಕ್ಕಿತು ಅನ್ನುತ್ತಿದ್ದ. ಚಪ್ಪಡಿ ಹೊರುವುದು ಸಾಲಿನ ಕೊನೆಯವರ ಪಾಲು, ಅಂದರೆ ಮೂವತ್ತು ವರ್ಷವೂ ಹೊತ್ತವನು ಗಂಟೆಯವನು. ಕಥೆಯಲ್ಲಿ ಅದನ್ನೂ ಮುಂದಿನವನೇ ಹೊರುತ್ತಿದ್ದ. ಒಂದು ವರ್ಷವಂತೂ ಚಪ್ಪಡಿಯ ಜೊತೆಗೆ ಒಂದು ಕರಡಿಯನ್ನೂ ಹೊತ್ತು ತಂದಿದ್ದ, ಪಾಪ ಅದಕ್ಕೆ ನೆಗಡಿಯಾಗಿತ್ತು ಅಂತ. ಪಕ್ಕದಲ್ಲೇ ಕೂತ ಗಂಟೆಯವನು ಇದನ್ನೆಲ್ಲ ಕೇಳಿಸಿಕೊಂಡು ತಲೆಯಾಡಿಸುತ್ತಿದ್ದ. ಕಿವಿ ಮಂದವಾದರೂ ಅಷ್ಟೇನೂ ಮಂದವಲ್ಲ.

ಇನ್ನೊಂದು ಕಟ್ಟಳೆ ಇತ್ತು. ನಾಲ್ವರ ಹೆಜ್ಜೆ ಒಂದೇ ಆಗಬೇಕಾದರೆ ನಾಲ್ವರ ಮೆಟ್ಟೂ ಒಂದೇ ಆಗಬೇಕು. ಆದ್ದರಿಂದ ಮುಂದಿನವನ ಪಾದದ ಅಳತೆಗೆ ಮರದ ಅಚ್ಚು ಕೆತ್ತಿ, ಅದೇ ಅಚ್ಚಿನ ಮೇಲೆ ನಾಲ್ಕು ಜೊತೆ ಹೊಲಿಯುತ್ತಿದ್ದರು. ಇದು ಎಲ್ಲ ಕಟ್ಟೆಯವರಿಗೂ ಇದ್ದ ಕಟ್ಟಳೆ, ಅದರಲ್ಲಿ ವಿಶೇಷವಿಲ್ಲ ಅಂತ ಮುಂದಿನವನು ತಿಳಿದಿದ್ದ. ತಿಳಿದಿದ್ದ ಅನ್ನುವುದೂ ತಪ್ಪು. ಅವನು ಅದನ್ನು ಯೋಚಿಸಿಯೇ ಇರಲಿಲ್ಲ.

ಮೂವತ್ತೊಂದನೆಯ ವರ್ಷ ಅವನ ಬಲಮಂಡಿ ಕೆಟ್ಟಿತು.

ಚಳಿಗಾಲದಲ್ಲಿ ಒಂದು ದಿನ ಹೊಸಿಲು ದಾಟುವಾಗ ಒಳಗೆ ಏನೋ ಕಟಕ್ ಅಂದಿತು, ಆಮೇಲೆ ಅದು ಸರಿಯಾಗಲಿಲ್ಲ. ಅವನು ಯಾರಿಗೂ ಹೇಳಲಿಲ್ಲ. ಏಣಿ ಹತ್ತಲಾರದೆ ಕೆಳಗೇ ನಿಂತರೆ, ಇವತ್ತು ಜನರ ಮಧ್ಯೆ ನಿಂತು ಕಥೆ ಹೇಳಬೇಕು ಅನ್ನಿಸಿತು ಅನ್ನುತ್ತಿದ್ದ. ಬೆಟ್ಟದ ಬುಡದಲ್ಲಿ ಹೇಳಿಬಿಟ್ಟಿದ್ದರೆ ಸುಲಭವಿತ್ತು. ಸಾಲು ಬದಲಾಯಿಸಿ ನಿಂತರೆ ಮುಗಿಯುತ್ತಿತ್ತು. ಮೇಲೆ ಹೋದಮೇಲೆ ಹಾಗಲ್ಲ. ಹಿಮದ ಮೇಲೆ ಪಕ್ಕಕ್ಕೆ ಒಂದು ಹೆಜ್ಜೆ ಇಟ್ಟರೆ ಅದು ಎರಡನೆಯ ಸಾಲು. ಮೇಲೆ ಜಾಗ ಬಿಟ್ಟುಕೊಡಬೇಕಾದರೆ ಒಂದೇ ದಾರಿ. ಮುಂದಿರುವವನು ಹಿಮದ ಮೇಲೆ ಬೋರಲು ಮಲಗಬೇಕು, ಉಳಿದವರು ಅವನ ಬೆನ್ನು ತುಳಿದು ದಾಟಬೇಕು. ಬೆಟ್ಟ ಹೆಜ್ಜೆ ಎಣಿಸುತ್ತದೆ, ಮಲಗಿದ ಮೈ ಎಣಿಸುವುದಿಲ್ಲ. ಅದಕ್ಕೆ ಊರಿನಲ್ಲಿ ಹಾಸುವುದು ಅನ್ನುತ್ತಿದ್ದರು. ಹಾಸಿದವನಿಗೆ ಮತ್ತೆ ಯಾವತ್ತೂ ಮುಂದಿನ ಜಾಗ ಇಲ್ಲ, ಸಾಯುವವರೆಗೆ ಹಾಸಿದವನು ಅಂತಲೇ ಹೆಸರು. ಊರಿನಲ್ಲಿ ಕೊನೆಯ ಸಲ ಯಾರೋ ಹಾಸಿದ್ದು ಅವನ ತಾತನ ಕಾಲದಲ್ಲಿ. ಆ ಮನುಷ್ಯನ ಮನೆಯ ನಾಯಿಯನ್ನೂ ಜನ ಹಾಸಿದವನ ನಾಯಿ ಅನ್ನುತ್ತಿದ್ದರಂತೆ.

ಇದೆಲ್ಲ ಅವನಿಗೆ ಗೊತ್ತಿತ್ತು. ಆದರೂ ಬುಡದಲ್ಲಿ ಬಾಯಿ ಬಿಡಲಿಲ್ಲ.

ಬೆಟ್ಟದ ಬುಡದಲ್ಲಿ ಒಂದು ತಡಿಕೆ ಬಾಗಿಲು, ಅದಕ್ಕೊಬ್ಬಳು ಕಾವಲಿನ ಅಜ್ಜಿ. ಬೆಳಗಿನ ಜಾವ ನಾಲ್ವರೂ ಅವಳ ಮುಂದೆ ಒಬ್ಬರ ಹಿಂದೆ ಒಬ್ಬರು ನಿಂತರು. ಎಷ್ಟು ಜನ ಅಂತ ಅವಳು ಮೂರು ಸಲ ಕೇಳಿದಳು. ಒಬ್ಬ ಅಂತ ನಾಲ್ವರೂ ಒಂದೇ ದನಿಯಲ್ಲಿ ಮೂರು ಸಲ ಹೇಳಿದರು. ಒಬ್ಬನಿಗಾಗುವಷ್ಟು ಹುರಿಗಡಲೆ, ಒಬ್ಬನಿಗಾಗುವಷ್ಟು ಬೆಲ್ಲ ಕೊಟ್ಟು ಅವಳು ಬಾಗಿಲು ತೆಗೆದಳು. ಅದನ್ನು ನಾಲ್ಕು ಪಾಲು ಮಾಡಿಕೊಂಡು ಹೊರಟರು.

ಚಿಗುರು ಹುಲ್ಲು ಮುಗಿಯಿತು. ಹಿಮ ಶುರುವಾಯಿತು. ಮುಂದಿನವನು ಕಾಲು ಎತ್ತಿದ, ಇಟ್ಟ. ಅವನು ಇಟ್ಟಲ್ಲಿ ಗಿರಣಿಯವಳು ಇಟ್ಟಳು. ಅವಳು ಇಟ್ಟಲ್ಲಿ ಮೆಟ್ಟಿನವನು ಇಟ್ಟ. ಅವನು ಇಟ್ಟಲ್ಲಿ ಗಂಟೆಯವನು ಇಟ್ಟ. ನಾಲ್ಕು ಕಾಲು ಬಿದ್ದ ಮೇಲೆ ಹಿಮದಲ್ಲಿ ಒಂದು ಹೆಜ್ಜೆ. ಮತ್ತೆ ಕಾಲು ಎತ್ತಿದ, ಇಟ್ಟ. ಅವನು ಇಟ್ಟಲ್ಲಿ ಅವಳು, ಅವಳು ಇಟ್ಟಲ್ಲಿ ಅವನು, ಅವನು ಇಟ್ಟಲ್ಲಿ ಇನ್ನೊಬ್ಬ. ನಾಲ್ಕು ಉಸಿರು, ಒಂದು ಹೆಜ್ಜೆ. ಹಿಂದಿನವರು ಹೇಗಿದ್ದಾರೆ ಅಂತ ಅವನು ತಿರುಗಿ ನೋಡುವ ಪದ್ಧತಿ ಇರಲಿಲ್ಲ. ಮೆಟ್ಟಿನ ಸದ್ದು ಕೇಳುತ್ತಿದ್ದರೆ ಸಾಕು, ಇದ್ದಾರೆ ಅಂತ ಅರ್ಥ. ಕಡಿದಾದಲ್ಲಿ ಒಂದು ಕಥೆ ಹೇಳುತ್ತಿದ್ದ, ಸಮವಾದಲ್ಲಿ ಎರಡು. ಆ ಬೆಳಿಗ್ಗೆ ಕಥೆಗಳು ಹೆಚ್ಚಾಗಿದ್ದವು. ಮಂಡಿ ನೊಂದಾಗಲೆಲ್ಲ ಒಂದೊಂದು ಹೊರಗೆ ಬರುತ್ತಿತ್ತು.

ಎರಡು ಪಾಲು ದಾರಿ ಮುಗಿದು ಒಂದು ಪಾಲು ಉಳಿದಿತ್ತು. ಸೂರ್ಯ ಏರಿ ಹಿಮದ ಮೇಲ್ಪದರ ಕೆನೆಯ ಹಾಗೆ ಸಡಿಲವಾಗಿತ್ತು. ಅಲ್ಲಿ ಮುಂದಿನವನು ಬಲಗಾಲು ಇಟ್ಟ, ಅದು ತೊಡೆಯವರೆಗೆ ಇಳಿಯಿತು. ಎತ್ತಿದ. ಬರಲಿಲ್ಲ. ಮತ್ತೆ ಎತ್ತಿದ. ಮಂಡಿ ಒಳಗಿನಿಂದ ಸುಟ್ಟ ಹಾಗಾಯಿತು, ಕಾಲು ಬರಲಿಲ್ಲ.

ಅವನ ಹಿಂದೆ ಮೂವರೂ ನಿಂತರು. ಒಬ್ಬೊಬ್ಬರ ಒಂದೊಂದು ಕಾಲು ಒಂದೊಂದು ಹೆಜ್ಜೆಯಲ್ಲಿ, ಇನ್ನೊಂದು ಕಾಲು ಅದರ ಹಿಂದಿನದರಲ್ಲಿ.

ಮುಂದಿನವನು ದೂರಕ್ಕೆ ಕೈ ತೋರಿಸಿ, ನೋಡಿ, ಇದೇ ಜಾಗ, ಇಲ್ಲೇ ಹನ್ನೆರಡನೆಯ ವರ್ಷ ನಾನು ಮೋಡವನ್ನು ಕಿವಿ ಹಿಡಿದು ಆಚೆ ನೂಕಿದ್ದು ಅಂದ. ಆ ಕಥೆ ಪೂರ್ತಿ ಹೇಳಿದ. ಹೇಳುತ್ತಾ ಒಳಗೊಳಗೇ ಕಾಲು ಜಗ್ಗಿದ. ಬರಲಿಲ್ಲ. ಹಿಮದ ಹುಳು ಒಂದು ಎಮ್ಮೆ ನುಂಗಿದ್ದನ್ನು ಹೇಳಿದ. ಆ ಎಮ್ಮೆ ಹುಳದ ಹೊಟ್ಟೆಯಲ್ಲೇ ಕರು ಹಾಕಿದ್ದನ್ನು ಹೇಳಿದ. ಕರು ದೊಡ್ಡದಾಗಿ ಹಾಲು ಕೊಟ್ಟದ್ದನ್ನು ಹೇಳಿದ. ಸೂರ್ಯ ನೆತ್ತಿಯ ಕಡೆಗೆ ಬಂದ. ಅಕ್ಕಪಕ್ಕದಲ್ಲಿ ಹಿಮದ ಅಡಿಯಲ್ಲಿ ನೀರು ಹರಿಯುವ ಸದ್ದು ಶುರುವಾಯಿತು. ಮೆಟ್ಟಿನವನು ಕೆಮ್ಮಿದ. ಗಂಟೆಯವನು ಊರಿನ ಗಂಟೆಯ ಹೊತ್ತು ಮೀರಿತು ಅನ್ನುವ ಹಾಗೆ ಆಕಾಶ ನೋಡಿದ.

ಇನ್ನೂ ಹೊತ್ತಾದರೆ ಹಿಮ ಮೇಲಕ್ಕೂ ಬಿಡುವುದಿಲ್ಲ, ಕೆಳಕ್ಕೂ ಬಿಡುವುದಿಲ್ಲ ಅನ್ನುವುದು ನಾಲ್ವರಿಗೂ ಗೊತ್ತಿತ್ತು. ಹಿಂದೆ ಒಂದು ಕಟ್ಟೆಯವರಿಗೆ ಹೀಗೇ ಆಗಿತ್ತು. ಅವರ ಮುಂದಿನವನು ಹಾಸಲು ಒಪ್ಪಲಿಲ್ಲ, ಹಿಂದಿನವರು ದಾಟಿ ಹೋಗಲು ಒಪ್ಪಲಿಲ್ಲ, ವಾಪಸು ತಿರುಗಿದರೆ ಕಟ್ಟೆ ಹೋಗುತ್ತದೆ ಅಂತ ಯಾರೂ ತಿರುಗಲಿಲ್ಲ. ಹನ್ನೊಂದು ದಿನ ನಿಂತೇ ಇದ್ದರು. ಹಿಮ ಅವರ ಕಾಲ ಕೆಳಗೇ ಕರಗಿತು. ಆಮೇಲೆ ಹುಡುಕಿಕೊಂಡು ಹೋದವರಿಗೆ ಅವರು ಹಸಿರು ಹುಲ್ಲಿನ ಮೇಲೆ ಸಾಲಾಗಿ, ಎಲ್ಲರೂ ಬಲಗಾಲು ಎತ್ತಿಕೊಂಡು ನಿಂತಿದ್ದು ಕಂಡಿತು. ಆಮೇಲೆ ಕಾಲು ಇಳಿಸಲು ಅವರಿಗೆ ಬರಲೇ ಇಲ್ಲ. ಈಗಲೂ ಅವರ ಮನೆತನದವರು ಒಂಟಿಕಾಲಿನಲ್ಲಿ ನಿಂತೇ ನಿದ್ದೆ ಮಾಡುತ್ತಾರೆ.

ಮುಂದಿನವನು ಇನ್ನೊಂದು ಕಥೆಗೆ ಬಾಯಿ ತೆರೆದ. ಅಷ್ಟರಲ್ಲಿ ಹಿಂದಿನಿಂದ ಗಿರಣಿಯವಳು ಅವನ ಭುಜದ ಮೇಲೆ ಕೈ ಇಟ್ಟಳು.

"ಅಣ್ಣಾ, ಕಥೆ ಚೆನ್ನಾಗಿದೆ," ಅಂದಳು. "ಕಾಲು ಎತ್ತು."

"ಎತ್ತಿದರೆ ಕಥೆ ಅರ್ಧಕ್ಕೆ ನಿಲ್ಲುತ್ತಲ್ಲ ತಂಗೀ."

"ನಿಲ್ಲಲಿ. ಕಾಲು ಎತ್ತು."

ಅವನು ಹಿಮ ನೋಡಿದ. ಬಿಳಿಯದು ಬಿಟ್ಟರೆ ಅಲ್ಲಿ ನೋಡುವುದಕ್ಕೆ ಏನೂ ಇರಲಿಲ್ಲ. ಮೂವತ್ತು ವರ್ಷ ಅವನ ಮುಂದೆ ಅದೇ ಇತ್ತು.

"ಬರ್ತಾ ಇಲ್ಲ ಕಣವ್ವ," ಅಂದ.

ಇಷ್ಟು ಚಿಕ್ಕ ಮಾತನ್ನು ಅವನ ಬಾಯಿಂದ ಅವರು ಯಾವತ್ತೂ ಕೇಳಿರಲಿಲ್ಲ. ವಾಪಸು ಹೋಗೋಣ, ಕಟ್ಟೆ ಹೋದರೆ ಹೋಗಲಿ, ಬದುಕಿದರೆ ಸಾಕು ಅಂತ ಗಂಟೆಯವನು ನಿಧಾನವಾಗಿ ಹೇಳಿದ. ಬದುಕಿ ಏನು ಮಾಡುವುದು, ನನ್ನನ್ನು ನೀನು ಊಟ ಆಯಿತಾ ಅಂತ ಕೇಳದೆ ಹೋಗುವುದಾದರೆ ಅಂತ ಮೆಟ್ಟಿನವನು ಅವನನ್ನು ಗದರಿದ. ಅವರಿಬ್ಬರ ಈ ಮಾತು ಮುಂದಿನವನ ಕಿವಿಗೆ ಬಿತ್ತು. ಹಾಸು ಅಂತ ಮೂವರಲ್ಲಿ ಒಬ್ಬರೂ ಹೇಳಲಿಲ್ಲ. ಹೇಳಿದ್ದರೆ ಅವನು ಸಂಜೆಯವರೆಗೂ ಜಗಳ ಆಡುತ್ತಿದ್ದ. ಹೇಳದೇ ಇದ್ದದ್ದರಿಂದ ಜಗಳಕ್ಕೆ ಹಿಡಿತ ಸಿಗಲಿಲ್ಲ.

ಅವನು ತಲೆಯ ರುಮಾಲು ಬಿಚ್ಚಿ ಸೊಂಟಕ್ಕೆ ಸುತ್ತಿಕೊಂಡ. ಕೈ ಎರಡನ್ನೂ ಎದೆಯ ಅಡಿಗೆ ಮಡಚಿಕೊಂಡ. ಮುಂದಕ್ಕೆ ಬಾಗಿ, ಮರ ಉರುಳಿದ ಹಾಗೆ, ಹಿಮದ ಮೇಲೆ ಬೋರಲು ಮಲಗಿದ.

ಹಿಮ ಮುಖಕ್ಕೆ ತಣ್ಣಗೆ ಒತ್ತಿತು. ಗಿರಣಿಯವಳು ಒಂದು ಕ್ಷಣ ನಿಂತಳು. ಆಮೇಲೆ ಅವನ ಬೆನ್ನ ನಡುವೆ, ಎರಡು ರೆಕ್ಕೆ ಮೂಳೆಗಳ ಮಧ್ಯೆ, ಬಲಗಾಲು ಇಟ್ಟಳು. ಅವನ ಉಸಿರು ಹೊರಗೆ ಹೋಯಿತು. ಎಡಗಾಲನ್ನು ಅವನ ತಲೆಯ ಆಚೆ ಹೊಸ ಹಿಮದಲ್ಲಿ ಊರಿದಳು. ಮೆಟ್ಟಿನವನು ಬಂದ. ಅವಳು ಇಟ್ಟಲ್ಲೇ ಇಟ್ಟ, ಕೂದಲೆಳೆ ಆಚೆ ಈಚೆ ಇಲ್ಲ. ಮೂವತ್ತು ವರ್ಷದ ರೂಢಿ ಅದು, ಹಿಮವಾದರೇನು ಬೆನ್ನಾದರೇನು. ಗಂಟೆಯವನು ಬಂದ. ಅವನೂ ಅಲ್ಲೇ ಇಟ್ಟ. ಮೂರು ಕಾಲು, ಒಂದು ಹೆಜ್ಜೆ.

ಮಲಗಿದ್ದಕ್ಕೆ ಕಾಲು ತಾನಾಗಿ ಸಡಿಲವಾಗಿ ಹೊರಗೆ ಬಂದಿತ್ತು. ಮೇಲಿನಿಂದ ಗಂಟೆಯವನು ಕೈ ಚಾಚಿದ, ಮುಂದಿನವನು ಅದನ್ನು ಹಿಡಿದು ಎದ್ದ. ಎದ್ದು ತಲೆ ಎತ್ತಿದಾಗ ಅವನ ಮುಂದೆ ಹಿಮ ಇರಲಿಲ್ಲ, ಮೂವರ ಬೆನ್ನು ಇತ್ತು.

ಮೂವತ್ತು ವರ್ಷದಲ್ಲಿ ಗೆಳೆಯರ ಬೆನ್ನನ್ನು ಬೆಟ್ಟದ ಮೇಲೆ ಅವನು ಕಣ್ಣಿಟ್ಟು ನೋಡಿದ್ದು ಅದೇ ಮೊದಲು. ಇಳಿಯುವಾಗ ಹಿಂದಿದ್ದರೂ ಅವನ ಕಣ್ಣು ಕೆಳಗೆ ಕಾಯುವ ಜನರ ಮೇಲೇ ಇರುತ್ತಿತ್ತು. ಗಂಟೆಯವನ ಬೆನ್ನು ಚಪ್ಪಡಿ ಹೊತ್ತು ಹೊತ್ತು ನಡುವಿನಲ್ಲಿ ತಗ್ಗಾಗಿತ್ತು, ಮಳೆ ಬಂದರೆ ನೀರು ನಿಲ್ಲುವಷ್ಟು. ಗಿರಣಿಯವಳು ಕಾಲು ಎತ್ತಿದಳು, ಇಟ್ಟಳು. ಅವಳು ಇಟ್ಟಲ್ಲಿ ಮೆಟ್ಟಿನವನು. ಅವನು ಇಟ್ಟಲ್ಲಿ ಗಂಟೆಯವನು. ಅವನು ಇಟ್ಟಲ್ಲಿ ಇವನು. ಮೂವರು ತುಳಿದು ಗಟ್ಟಿ ಮಾಡಿದ ಹೆಜ್ಜೆ ಮನೆಯ ಮೆಟ್ಟಿಲಿನ ಹಾಗಿತ್ತು. ಕೆಟ್ಟ ಮಂಡಿಯೂ ಅದರಲ್ಲಿ ನಡೆಯುತ್ತಿತ್ತು. ಹಿಂದೆ ಬರುವುದು ಇಷ್ಟು ಸುಖವೇ ಅಂತ ಅವನು ಒಂದು ಕಥೆಗೆ ಸಿದ್ಧನಾದ. ಅಷ್ಟರಲ್ಲಿ ಅವರ ನಡಿಗೆ ಕಣ್ಣಿಗೆ ಬಿತ್ತು.

ಮೂವರೂ ಕುಂಟುತ್ತಿದ್ದರು. ಅದೂ ಒಂದೇ ರೀತಿ. ಇಡುವಾಗ ಪಾದ ಒಳಕ್ಕೆ ತಿರುಗುತ್ತಿತ್ತು, ಎತ್ತುವಾಗ ಬೆರಳುಗಳು ಮೆಟ್ಟಿನೊಳಗೆ ಮುದುಡಿಕೊಳ್ಳುತ್ತಿದ್ದವು. ಮಕ್ಕಳ ಅಂಗಿ ತೊಟ್ಟ ದೊಡ್ಡವರ ಹಾಗೆ ಅವರ ಕಾಲುಗಳು ಕಾಣುತ್ತಿದ್ದವು.

ಬೆರಳಿಗೆ ಏನಾಗಿದೆ ಅಂತ ಕೇಳಿದ. ಮತ್ತೆ ಕೇಳಿದ.

ಮೆಟ್ಟಿನವನು ತಿರುಗದೆಯೇ ಹೇಳಿದ. "ಮುರುಟಿವೆ. ಮೂರು ಜನಕ್ಕೂ. ಮೊದಲನೇ ವರ್ಷದಿಂದ."

"ಅಚ್ಚು ಕೆತ್ತಿದವನು ನೀನೇ ಅಲ್ಲವೇನಯ್ಯ. ಒಂದು ಮಾತು ಹೇಳಬಾರದಿತ್ತಾ?"

"ನೀನು ಮಾತು ನಿಲ್ಲಿಸಿದ್ದರೆ ತಾನೇ ಮಾರಾಯ, ನಾವು ಹೇಳೋದು."

ಗಂಟೆಯವನು ನಕ್ಕ. ಗಿರಣಿಯವಳೂ ನಕ್ಕಳು, ಅವಳ ಭುಜ ಅಲುಗಿದ್ದರಿಂದ ಗೊತ್ತಾಯಿತು. ಅವನು ನಗಲಿಲ್ಲ. ಬೆಟ್ಟದ ಕತ್ತು ಬರುವವರೆಗೆ ಮಾತೂ ಆಡಲಿಲ್ಲ. ಆ ಮೌನ ಎಷ್ಟು ಗಟ್ಟಿಯಾಗಿತ್ತೆಂದರೆ, ಮೇಲೆ ಹಾರುತ್ತಿದ್ದ ಹದ್ದು ಏನೋ ಅನಾಹುತವಾಗಿದೆ ಅಂತ ಇಳಿದು ಬಂದು ಅವರನ್ನು ಒಂದು ಸುತ್ತು ನೋಡಿಕೊಂಡು ಹೋಯಿತು.

ಕತ್ತಿನಲ್ಲಿ ಗಾಳಿ ಇತ್ತು, ಕಪ್ಪು ಚಪ್ಪಡಿಗಳು ಇದ್ದವು. ಸಾಲಿನ ಕೊನೆಯವರು ಹೊರಬೇಕು. ಗಂಟೆಯವನು ಅಭ್ಯಾಸದ ಮೇಲೆ ಬಗ್ಗಿದ. ಆಮೇಲೆ ಜ್ಞಾಪಕ ಬಂದು ನೆಟ್ಟಗೆ ನಿಂತು, ಬೆನ್ನು ನೋಯುತ್ತಿರಬೇಕು, ನಾನೇ ಹೊತ್ತುಕೊಳ್ಳುತ್ತೇನೆ ಬಿಡು ಅಂದ. ಮುಂದಿನವನಾಗಿದ್ದವನು ಬೇಡ ಅಂದು ಬೆನ್ನು ಕೊಟ್ಟ. ಮೂವರೂ ಎತ್ತಿ ಇಟ್ಟು ಹಗ್ಗ ಬಿಗಿದರು. ಕಥೆಯಲ್ಲಿ ಮೂವತ್ತು ಸಲ ಹೊತ್ತ ಕಲ್ಲು ಅದು. ಕಥೆಯಲ್ಲಿ ಅದಕ್ಕೆ ಭಾರ ಇರಲಿಲ್ಲ.

ಇಳಿಯುವಾಗ ನಿಂತಲ್ಲೇ ತಿರುಗುವುದು ಪದ್ಧತಿ. ತಿರುಗಿದರೆ ಕೊನೆಯವನು ಮೊದಲಿನವನಾಗುತ್ತಾನೆ. ಹಾಗಾಗಿ ಇಳಿಯುವ ದಾರಿಯಲ್ಲಿ ಮತ್ತೆ ಅವನೇ ಮುಂದೆ. ಅದರಲ್ಲಿ ಹೆಚ್ಚುಗಾರಿಕೆ ಏನೂ ಇಲ್ಲ ಅಂತ ಇಷ್ಟು ವರ್ಷ ಅವನೇ ಹೇಳುತ್ತಿದ್ದ, ಹತ್ತುವಾಗ ಮುಂದಿದ್ದವನೇ ಮುಂದಿನವನು ಅಂತ. ಹತ್ತುವಾಗ ಇಟ್ಟ ಹೆಜ್ಜೆಗಳಲ್ಲೇ ಇಳಿಯಬೇಕು. ಅವನು ಮಲಗಿದ್ದ ಜಾಗ ಬಂತು. ಆ ತಗ್ಗಿನ ತಳದಲ್ಲಿ ಸಣ್ಣಗೆ ನೀರು ಕಾಣುತ್ತಿತ್ತು. ದಾಟಿದರು. ಅಲ್ಲಿಂದ ಕೆಳಗೆ ಅವನದೇ ಹೆಜ್ಜೆಗಳು, ಬಿಸಿಲಿಗೆ ಕರಗಿ ಮೊರದಷ್ಟು ಅಗಲವಾಗಿದ್ದವು. ಅಂಗೈಯಷ್ಟು ಪಾದವನ್ನು ಅದರೊಳಗೆ ಇಟ್ಟರೆ ಹಿಡಿತ ಸಿಗುತ್ತಿರಲಿಲ್ಲ, ಅಲ್ಲಾಡುತ್ತಿತ್ತು. ಪ್ರತಿ ಹೆಜ್ಜೆಯಲ್ಲೂ ಅವನು ಜಾರಿದ. ಪ್ರತಿ ಹೆಜ್ಜೆಯಲ್ಲೂ ಗಂಟೆಯವನು ಹಿಂದಿನಿಂದ ಚಪ್ಪಡಿಯ ಹಗ್ಗ ಹಿಡಿದುಕೊಂಡ.

ಸಂಜೆಯ ಹೊತ್ತಿಗೆ ಪೇಟೆಬೀದಿಗೆ ಬಂದರು. ಮೂವತ್ತೊಂದನೆಯ ಚಪ್ಪಡಿ ಕಟ್ಟೆಗೆ ಏರಿತು. ಕಟ್ಟೆ ಉಳಿಯಿತು. ಏಣಿಯಲ್ಲಿ ಅವನನ್ನು ಇಬ್ಬರು ಮೇಲಿನಿಂದ ಎಳೆದರು, ಒಬ್ಬಳು ಕೆಳಗಿನಿಂದ ನೂಕಿದಳು. ಕೆಳಗೆ ಜನ ಕೂಡಿದರು. ಈ ವರ್ಷ ಏನು ಹೊತ್ತು ತಂದೆ ಅಂತ ಎಣ್ಣೆ ಅಂಗಡಿಯವನು ಕೇಳಿದ.

ಅವನು ಹೇಳಿದ. ಮಂಡಿ ಕೆಟ್ಟದ್ದು ಹೇಳಿದ, ಕಾಲು ಹೂತದ್ದು ಹೇಳಿದ, ತಾನು ಹಾಸಿದ್ದು, ಮೂವರು ಬೆನ್ನ ಮೇಲೆ ದಾಟಿದ್ದು ಹೇಳಿದ. ಒಂದು ಕೂದಲಷ್ಟೂ ಸೇರಿಸಲಿಲ್ಲ. ಸೇರಿಸದೆ ಹೇಳುವುದು ಅಭ್ಯಾಸವಿಲ್ಲದ್ದರಿಂದ ನಡುನಡುವೆ ತಡವರಿಸಿದ.

ಜನ ನಕ್ಕರು. ಮೊದಲು ಒಬ್ಬಿಬ್ಬರು, ಆಮೇಲೆ ಬೀದಿಯೆಲ್ಲ. ಎಣ್ಣೆ ಅಂಗಡಿಯವನು ನಕ್ಕು ನಕ್ಕು ಅಳತೆಯ ಪಾವು ಕೆಳಗೆ ಬೀಳಿಸಿದ. ನೀನು ಹಾಸುವುದೇ, ಕರಡಿ ಹೊತ್ತವನು, ಮೋಡದ ಕಿವಿ ಹಿಂಡಿದವನು. ಮೂವತ್ತು ವರ್ಷದಲ್ಲಿ ಇಷ್ಟು ದೊಡ್ಡ ಬುರುಡೆ ಬಿಟ್ಟಿರಲಿಲ್ಲ ಕಣಯ್ಯ ಅಂದ. ಗೆಳೆಯರು ಮೂವರೂ ನಿಜ ಅಂದರು. ಅವರನ್ನೂ ಸೇರಿಸಿಕೊಂಡು ನಕ್ಕರು, ಈ ಸಲ ನಾಲ್ವರೂ ಕೂಡಿ ಕಟ್ಟಿದ ಕಥೆ ಅಂತ.

ಅವನು ಕಟ್ಟೆಯ ಮೇಲೆ ಎದ್ದು ನಿಂತು, ಬೆನ್ನು ತಿರುಗಿಸಿ, ಅಂಗಿ ಮೇಲೆತ್ತಿದ. ಬೆನ್ನ ನಡುವೆ ಕಂದಿದ ಗುರುತು ಇತ್ತು. ಒಂದೇ ಒಂದು ಹೆಜ್ಜೆ. ಹಿಮ್ಮಡಿ, ನಡುಪಾದ, ತುದಿ, ಎಲ್ಲ ಗೆರೆ ಎಳೆದ ಹಾಗೆ ಸ್ಪಷ್ಟ.

ಜನ ಏಣಿ ಹತ್ತಿ ಬಂದು ನೋಡಿದರು. ಇದು ಅಂಗೈಯಷ್ಟಿದೆ, ಮೂರು ಜನ ತುಳಿದರೆ ಮೂರು ಇರಬೇಕಿತ್ತು, ಅದೂ ದೊಡ್ಡವರ ಕಾಲು ಇಷ್ಟಿರುತ್ತಾ, ಯಾವುದೋ ಮನೆಯ ಮಗು ಬೆನ್ನ ಮೇಲೆ ಆಡಿದೆ ಅಂತ ಎಣ್ಣೆ ಅಂಗಡಿಯವನು ತೀರ್ಪು ಕೊಟ್ಟ. ನಗು ಮತ್ತೆ ಎದ್ದಿತು. ಕಟ್ಟೆಯ ಮೇಲೆ ಮೂವರು ತಮ್ಮ ಮೆಟ್ಟಿನ ಕಾಲುಗಳನ್ನು ಮೆಲ್ಲಗೆ ಒಳಕ್ಕೆ ಎಳೆದುಕೊಂಡರು.

ಮನೆಯಲ್ಲಿ ಅವನ ಹೆಂಡತಿ ಎಣ್ಣೆ ಬಿಸಿ ಮಾಡಿದಳು. ಬೆನ್ನಿಗೆ ಹಚ್ಚುತ್ತಾ ಹಚ್ಚುತ್ತಾ ಕೈ ನಿಲ್ಲಿಸಿದಳು. ಆ ಗುರುತಿನ ಮೇಲೆ ಬೆರಳು ಓಡಿಸಿದಳು. ಮೂಲೆಯಲ್ಲಿ ಬಿಟ್ಟಿದ್ದ ಅವನ ಮೆಟ್ಟು ತಂದು ಬೆನ್ನ ಮೇಲೆ ಇಟ್ಟು ನೋಡಿದಳು.

"ಇದು ಬೇರೆಯವರದಲ್ಲ," ಅಂದಳು. "ನಿಮ್ಮದೇ ಕಾಲು."

ಅವನು ಬೋರಲು ಮಲಗಿಯೇ ಇದ್ದ. ಹ್ಞೂಂ ಅಂದ.

ಮಾರನೆಯ ಬೆಳಿಗ್ಗೆ ಮೆಟ್ಟಿನವನ ಅಂಗಡಿಗೆ ಕುಂಟಿಕೊಂಡು ಹೋಗಿ, ಗೋಡೆಯ ಮೊಳೆಗೆ ತೂಗುಹಾಕಿದ್ದ ತನ್ನ ಅಳತೆಯ ಅಚ್ಚು ಇಳಿಸಿಕೊಂಡ. ಮೂವತ್ತು ವರ್ಷ ಚರ್ಮ ಎಳೆದು ಎಳೆದು ಅದು ಕನ್ನಡಿಯ ಹಾಗೆ ನುಣುಪಾಗಿತ್ತು. ಅದನ್ನು ಸರೇಸಿನ ಅಂಟು ಕಾಯಿಸುವ ಒಲೆಗೆ ಇಟ್ಟ. ಮೆಟ್ಟಿನವನು ನೋಡಿದ, ಉರಿ ಸ್ವಲ್ಪ ಮುಂದೆ ಮಾಡಿದ. ಒಳ್ಳೆಯ ಮರ, ಬಹಳ ಹೊತ್ತು ಉರಿಯಿತು.

ಅಲ್ಲಿಂದ ಇಬ್ಬರೂ ಗಿರಣಿಗೆ ಹೋದರು. ಗಿರಣಿಯವಳು ಹಿಟ್ಟಿನ ಕೈ ಒರೆಸಿಕೊಂಡು ಬಂದಳು. ಮೆಟ್ಟು ಬಿಚ್ಚು ತಂಗೀ, ಇನ್ನು ಅಚ್ಚು ನಿನ್ನ ಪಾದದ್ದು ಅಂತ ಮುಂದಿನವನಾಗಿದ್ದವನು ಅಂದ. ಬಿಚ್ಚಿದಳು. ಅವನು ಒಂದು ಹಲಗೆ ನೆಲಕ್ಕೆ ಹಾಕಿ, ಕೆಟ್ಟ ಮಂಡಿಯನ್ನು ಹೇಗೋ ಮಡಚಿ ಅವಳ ಪಾದದ ಮುಂದೆ ಕೂತ. ಇದ್ದಿಲಿನ ತುಂಡು ಹಿಡಿದು ಹಿಮ್ಮಡಿಯಿಂದ ಗೆರೆ ಎಳೆಯುತ್ತಾ ಬಂದ. ಬೆರಳುಗಳ ಹತ್ತಿರ ಬಂದಾಗ ಕೈ ನಿಂತಿತು. ಅವು ಒಂದರ ಮೇಲೊಂದು ಮಡಚಿಕೊಂಡಿದ್ದವು. ಎಲ್ಲಿ ಎಳೆಯುವುದು ಅಂತ ಅವನಿಗೆ ತಿಳಿಯಲಿಲ್ಲ.

"ಈಗ ಇರೋ ಹಾಗೆ ಎಳೀಬೇಡ ಅಣ್ಣಾ," ಅಂದಳು ಗಿರಣಿಯವಳು. "ಅವು ಬಿಚ್ಚಿಕೊಳ್ಳೋದಕ್ಕೆ ಜಾಗ ಬಿಡು."

ಅವನು ಇದ್ದಿಲನ್ನು ಎರಡು ಬೆರಳು ಆಚೆಗೆ ಸರಿಸಿ, ಅಲ್ಲಿಂದ ಗೆರೆಯನ್ನು ಸುತ್ತಿಸಿಕೊಂಡು ಬಂದ.